ಕೈ ಮಾಡಿದ್ದು, ಕಣ್ಣು ಕಂಡದ್ದು, ನಾಲಿಗೆ ಆಡಿದ್ದು

1861ರ ಏಪ್ರಿಲ್ ತಿಂಗಳು. ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಐವತ್ತೊಂದು ವರ್ಷದ ರೋಗಿಯೊಬ್ಬನನ್ನು ತಂದು ಮಲಗಿಸಿದರು. ಅವನ ಬಲಗಾಲು ಕೊಳೆಯತೊಡಗಿತ್ತು. ಹೆಸರು ಲೆಬೋರ್ನ್; ಆದರೆ ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ‘ತಾಂ’ ಎಂದು. ಏನೇ ಕೇಳಿದರೂ ಆತನ ಬಾಯಿಂದ ಬರುತ್ತಿದ್ದುದು ‘ತಾಂ ತಾಂ’ ಎಂಬ ಒಂದೇ ಉಲಿ. ತುಂಬ ಸಿಟ್ಟು ಬಂದಾಗ ಮಾತ್ರ ಒಂದು ಬೈಗುಳ ಪೂರ್ತಿಯಾಗಿ ಹೊರಬೀಳುತ್ತಿತ್ತಂತೆ. ಜೋಡು ಹೊಲಿಯುವವರಿಗೆ ಬೇಕಾಗುವ ಮರದ ಅಚ್ಚುಗಳನ್ನು ಮಾಡುವುದು ಅವನ ಕಸುಬು. ಮೂವತ್ತರ ವಯಸ್ಸಿನಲ್ಲಿ ಮಾತು ಹೋಯಿತು. ಹತ್ತು ವರ್ಷಗಳ ತರುವಾಯ ಬಲಗೈ ಸೋತಿತು, ಆಮೇಲೆ ಬಲಗಾಲು.

ಅವನನ್ನು ಪರೀಕ್ಷಿಸಿದ ಶಸ್ತ್ರವೈದ್ಯ ಪಾಲ್ ಬ್ರೋಕಾ, “ಈ ಆಸ್ಪತ್ರೆಯಲ್ಲಿ ಎಷ್ಟು ವರ್ಷದಿಂದ ಇದ್ದೀಯೆ?” ಎಂದು ಕೇಳಿದ. ತಾಂ ತನ್ನ ಎಡಗೈಯ ಐದು ಬೆರಳುಗಳನ್ನು ನಾಲ್ಕು ಸಲ ಬಿಚ್ಚಿ ತೋರಿಸಿ, ಕೊನೆಗೆ ಒಂದು ಬೆರಳನ್ನು ಎತ್ತಿದ. ಇಪ್ಪತ್ತೊಂದು. ಲೆಕ್ಕ ಸರಿಯಾಗಿತ್ತು. ಗಡಿಯಾರ ತೋರಿಸಿದರೆ ಅವನು ಹೊತ್ತನ್ನೂ ತಿಳಿಸಬಲ್ಲವನಾಗಿದ್ದ. ಪ್ರಶ್ನೆ ತಿಳಿದಿತ್ತು, ಉತ್ತರ ಗೊತ್ತಿತ್ತು, ತುಟಿ ನಾಲಿಗೆಗಳಿಗೆ ಪಾರ್ಶ್ವವಾಯು ಬಡಿದಿರಲಿಲ್ಲ. ಆದರೂ ಮಾತು ಇಲ್ಲ.

ಏಪ್ರಿಲ್ 17ರಂದು ಆತ ತೀರಿಕೊಂಡ. ಮರುದಿನವೇ ಬ್ರೋಕಾ ಅವನ ಮಿದುಳನ್ನು ಪ್ಯಾರಿಸ್ಸಿನ ಮಾನವಶಾಸ್ತ್ರ ಸಂಘದ ಸಭೆಯ ಮುಂದಿಟ್ಟ. ಎಡ ಮಿದುಳಿನ ಮುಂಭಾಗದ ಹಾಲೆಯಲ್ಲಿ, ಎಡ ಕಣತಲೆಯ ಹಿಂದೆ ಬರುವ ಜಾಗದಲ್ಲಿ, ಕೋಳಿಮೊಟ್ಟೆ ಹಿಡಿಸುವಷ್ಟು ಗುಳಿ ಬಿದ್ದು ಅದರಲ್ಲಿ ನೀರು ತುಂಬಿತ್ತು. ಅದೇ ವರ್ಷ ಲೆಲೋಂ ಎಂಬ ಎಂಬತ್ತನಾಲ್ಕು ವರ್ಷದ ಮುದುಕ ಬ್ರೋಕಾನ ಕೈಗೆ ಬಂದ. ಆತನಲ್ಲಿ ಉಳಿದಿದ್ದುದು ಐದೇ ಶಬ್ದ. ಅವನ ಮಿದುಳಿನಲ್ಲೂ ಹೆಚ್ಚುಕಡಿಮೆ ಅದೇ ಜಾಗ ಹಾಳಾಗಿತ್ತು. ಇನ್ನಷ್ಟು ರೋಗಿಗಳನ್ನು ನೋಡಿ, 1865ರ ಹೊತ್ತಿಗೆ ಬ್ರೋಕಾ ನಾವು ಮಾತನಾಡುವುದು ಎಡ ಮಿದುಳಿನಿಂದ ಎಂದು ಘಂಟಾಘೋಷವಾಗಿ ಹೇಳಿದ. ಆ ಜಾಗಕ್ಕೆ ‘ಬ್ರೋಕಾ ಪ್ರದೇಶ’ ಎಂಬ ಹೆಸರೇ ನಿಂತಿತು.

1874ರಲ್ಲಿ ಕಾರ್ಲ್ ವೆರ್ನಿಕೆ ಎಂಬ ಇಪ್ಪತ್ತಾರು ವರ್ಷದ ಜರ್ಮನ್ ವೈದ್ಯ ಇದಕ್ಕೆ ತಿರುಗುಮುರುಗಾದ ರೋಗಿಗಳನ್ನು ವರ್ಣಿಸಿದ. ಇವರು ಸರಾಗವಾಗಿ ಮಾತಾಡುತ್ತಾರೆ, ಆದರೆ ಆಡಿದ್ದಕ್ಕೆ ಅರ್ಥವಿರುವುದಿಲ್ಲ. ಬೇರೆಯವರು ಆಡಿದ್ದೂ ತಿಳಿಯುವುದಿಲ್ಲ. ಇವರಲ್ಲಿ ಕೆಟ್ಟಿದ್ದು ಮಿದುಳಿನ ಇನ್ನೊಂದು ಜಾಗ, ಕಿವಿಗೆ ಹತ್ತಿರವಾದದ್ದು. ಅಲ್ಲಿಗೆ ಒಂದು ಅಚ್ಚುಕಟ್ಟಾದ ಚಿತ್ರ ಸಿದ್ಧವಾಯಿತು: ಮುಂದಿನದು ಆಡುವ ಕೋಣೆ, ಹಿಂದಿನದು ಕೇಳುವ ಕೋಣೆ, ನಡುವೆ ನರತಂತುಗಳ ಓಣಿ. ನೂರು ವರ್ಷಕ್ಕೂ ಮೀರಿ ವೈದ್ಯಕೀಯ ವಿದ್ಯಾರ್ಥಿಗಳು ಈ ಚಿತ್ರವನ್ನೇ ಉರುಹೊಡೆದು ಪರೀಕ್ಷೆ ಬರೆದರು. ಇಷ್ಟು ಅಚ್ಚುಕಟ್ಟಾದ ಚಿತ್ರದ ಬಗ್ಗೆ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದೇ.

ಮೊದಲು ಕೈಯ ವಿಚಾರ. ಲೆಬೋರ್ನನ ಮಾತು ಹೋದ ಮೇಲೆ ಕೈ ಹೋಗಿದ್ದು, ಅದೂ ಬಲಗೈ, ಆಕಸ್ಮಿಕವಲ್ಲ. ಮಿದುಳಿನ ಹೊರಪದರದಲ್ಲಿ ದೇಹದ ಚಲನೆಯನ್ನು ನಡೆಸುವ ಒಂದು ಪಟ್ಟಿಯಿದೆ. 1870ರಲ್ಲಿ ಫ್ರಿಚ್ ಮತ್ತು ಹಿಟ್ಸಿಗ್ ಎಂಬಿಬ್ಬರು ಜರ್ಮನರು ನಾಯಿಯ ಮಿದುಳಿಗೆ ಸಣ್ಣಗೆ ವಿದ್ಯುತ್ ಮುಟ್ಟಿಸಿ ಅದರ ಕಾಲು ಅಲುಗಿಸಿ ತೋರಿಸಿದ್ದರು. 1930ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್, ಎಚ್ಚರವಾಗಿದ್ದ ರೋಗಿಗಳಿಗೆ ಶಸ್ತ್ರಚಿಕಿತ್ಸೆ ನಡೆಸುತ್ತಲೇ ಈ ಪಟ್ಟಿಯ ನಕಾಶೆ ತಯಾರಿಸಿದ. ಅದರಲ್ಲಿ ಸೊಂಟ ಬೆನ್ನುಗಳಿಗೆ ಸಿಕ್ಕಿರುವ ಜಾಗ ಅಂಗುಲವೂ ಇಲ್ಲ. ಕೈಬೆರಳು, ತುಟಿ, ನಾಲಿಗೆಗಳಿಗೆ ಮಾತ್ರ ಎಕರೆಗಟ್ಟಲೆ ಜಮೀನು. ಕೈಯ ಜಮೀನಿನ ಪಕ್ಕದಲ್ಲೇ ಮುಖ ಮತ್ತು ಬಾಯಿಯದು. ಅದರ ಮುಂದೆ, ಬೇಲಿ ಹಾರಿದರೆ, ಬ್ರೋಕಾ ಪ್ರದೇಶ. ಎಲ್ಲಕ್ಕೂ ನೆತ್ತರು ಬರುವುದು ಒಂದೇ ಧಮನಿಯ ಕವಲುಗಳಿಂದ. ಆ ಧಮನಿ ಕಟ್ಟಿಕೊಂಡರೆ ಬಲಗೈಯೂ ಮಾತೂ ಒಟ್ಟೊಟ್ಟಿಗೇ ಬೀಳುತ್ತವೆ. ಲಕ್ವ ಹೊಡೆದವರನ್ನು ಮನೆಯಲ್ಲಿಟ್ಟು ನೋಡಿಕೊಂಡವರಿಗೆ ಇದನ್ನು ಹೇಳಬೇಕಿಲ್ಲ.

ಇದು ಬರೀ ನೆರೆಹೊರೆಯ ಸಂಬಂಧವೇ, ಅಥವಾ ಒಳಗೊಳಗೇ ನೆಂಟಸ್ತನವೂ ಇದೆಯೇ? ಡಾರ್ವಿನ್ ತನ್ನ 1872ರ ಪುಸ್ತಕದಲ್ಲಿ ಒಂದು ಸಣ್ಣ ಸಂಗತಿ ಬರೆದಿದ್ದಾನೆ. ಕತ್ತರಿಯಿಂದ ಏನನ್ನಾದರೂ ಕತ್ತರಿಸುವವರ ದವಡೆ ಕತ್ತರಿಯ ಜೊತೆಗೇ ಆಡುತ್ತದಂತೆ. ಬರೆಯಲು ಕಲಿಯುವ ಮಕ್ಕಳ ನಾಲಿಗೆ ಬೆರಳಿನ ಜೊತೆ ಹೊರಳುತ್ತದಂತೆ. ಮೊದಲನೆಯದನ್ನು ನೋಡಬೇಕೆಂದರೆ ದರ್ಜಿ ಅಂಗಡಿಗೆ ಹೋಗಿ. ಎರಡನೆಯದಕ್ಕೆ ಒಂದನೇ ತರಗತಿಯ ಕೊಠಡಿಯಲ್ಲಿ ಐದು ನಿಮಿಷ ನಿಂತರೆ ಸಾಕು. ಕೈಗೂ ಬಾಯಿಗೂ ಗೊತ್ತಿಲ್ಲದಂತೆ ಏನೋ ವ್ಯವಹಾರ ನಡೆಯುತ್ತಿದೆ.

ಈ ವ್ಯವಹಾರದ ಖಾತೆಪುಸ್ತಕ ಸಿಕ್ಕಿತೆಂಬ ಸುದ್ದಿ ಬಂದದ್ದು ಇಟಲಿಯ ಪಾರ್ಮಾ ವಿಶ್ವವಿದ್ಯಾಲಯದಿಂದ. ಅಲ್ಲಿ ಜಾಕೊಮೊ ರಿಜೊಲಾಟಿ ಎಂಬ ನರವಿಜ್ಞಾನಿ ಮತ್ತು ಅವರ ಸಂಗಡಿಗರು ಮಕಾಕ್ ಕೋತಿಗಳ ಮಿದುಳನ್ನು ಅಭ್ಯಸಿಸುತ್ತಿದ್ದರು. (ನಮ್ಮ ದೇವಸ್ಥಾನಗಳ ಬಳಿ ಬಾಳೆಹಣ್ಣು ಕಸಿಯುವ ಕೋತಿಗಳೂ ಇದೇ ಮಕಾಕ್ ಕುಲದವೇ.) ಕೋತಿಯ ಮಿದುಳಿನಲ್ಲಿ ‘ಎಫ್5’ ಎಂದು ಗುರುತಿಸಿದ ಒಂದು ಜಾಗವಿದೆ. ಕೋತಿ ಕೈಯಿಂದ ಅಥವಾ ಬಾಯಿಂದ ಏನನ್ನಾದರೂ ಹಿಡಿಯುವಾಗ, ಹರಿಯುವಾಗ ಅಲ್ಲಿನ ನರಕೋಶಗಳು ಮಿಡಿಯುತ್ತವೆ. ಕೂದಲೆಳೆಯಂಥ ತಂತಿಯನ್ನು ಒಂದು ನರಕೋಶದ ಪಕ್ಕ ಇಳಿಸಿ, ಅದರ ಮಿಡಿತವನ್ನು ಧ್ವನಿವರ್ಧಕದಲ್ಲಿ ಪಟಪಟ ಸದ್ದಾಗಿ ಕೇಳುವುದು ಅವರ ಪದ್ಧತಿ. ಒಂದು ಸಲ, ಕೋತಿ ಸುಮ್ಮನೆ ಕುಳಿತಿದ್ದಾಗ, ಪ್ರಯೋಗ ಮಾಡುತ್ತಿದ್ದವರು ಕೋತಿಯ ಎದುರಿಗಿದ್ದ ತಿನಿಸನ್ನು ಕೈಗೆತ್ತಿಕೊಂಡರು. ಪಟಪಟ ಸದ್ದು ಕೇಳಿಸಿತು. ಕೋತಿಯ ಕೈ ಅಲುಗಿರಲಿಲ್ಲ. ಆ ತಿನಿಸು ಶೇಂಗಾ ಎಂದು ಕೆಲವರು, ಐಸ್‌ಕ್ರೀಮ್ ಎಂದು ಕೆಲವರು ಹೇಳುತ್ತಾರೆ. ದೊಡ್ಡ ಶೋಧಗಳಿಗೆಲ್ಲ ಹೀಗೆ ಒಂದೆರಡು ಪುರಾಣ ಅಂಟಿಕೊಳ್ಳುವುದು ವಾಡಿಕೆ.

ಅಂದರೆ ಆ ನರಕೋಶ ಎರಡು ಸಂದರ್ಭಗಳಲ್ಲಿ ಮಿಡಿಯುತ್ತದೆ: ಕೋತಿ ತಾನೇ ಹಿಡಿದಾಗ, ಮತ್ತು ಬೇರೆಯವರು ಹಿಡಿಯುವುದನ್ನು ಕಂಡಾಗ. ಮೊದಲ ವರದಿ 1992ರಲ್ಲಿ ಅಚ್ಚಾಯಿತು. ಸಾಮಾನ್ಯ ಓದುಗರಿಗೆ ಇದರಲ್ಲಿ ಆಸಕ್ತಿ ಇರದೆಂದು ‘ನೇಚರ್’ ಪತ್ರಿಕೆ ಅದನ್ನು ಹಿಂತಿರುಗಿಸಿತ್ತೆಂದು ರಿಜೊಲಾಟಿ ಆಮೇಲೆ ಹೇಳಿಕೊಂಡಿದ್ದಾರೆ. 1996ರ ವಿವರವಾದ ವರದಿಯಲ್ಲಿ ಲೆಕ್ಕವಿದೆ: ಎರಡು ಕೋತಿಗಳಲ್ಲಿ ಪರೀಕ್ಷಿಸಿದ 532 ನರಕೋಶಗಳ ಪೈಕಿ 92 ಇಂಥವು. ಅವಕ್ಕೆ ‘ಕನ್ನಡಿ ನರಕೋಶ’ ಎಂಬ ಹೆಸರು ಬಿತ್ತು. ಇವು ಬರೀ ಕಣ್ಣಿಗೆ ಕಂಡದ್ದಕ್ಕೆ ಒಲೆಯುವವಲ್ಲ ಎಂಬುದೂ ಬೇಗ ತಿಳಿಯಿತು. 2001ರ ಪ್ರಯೋಗವೊಂದರಲ್ಲಿ ತಿನಿಸನ್ನು ಮೊದಲು ತೋರಿಸಿ, ಆಮೇಲೆ ಅಡ್ಡಪರದೆ ಹಿಡಿದು, ಕೈ ಪರದೆಯ ಹಿಂದೆ ಹೋಗುವುದನ್ನಷ್ಟೇ ಕೋತಿಗೆ ಕಾಣಿಸಿದರು. ಹಿಡಿಯುವುದು ಕಾಣದಿದ್ದರೂ ಹಲವು ನರಕೋಶಗಳು ಮಿಡಿದವು. ಪರದೆಯ ಹಿಂದೆ ಏನೂ ಇಲ್ಲವೆಂದು ಕೋತಿಗೆ ಗೊತ್ತಿದ್ದಾಗ ಮಿಡಿಯಲಿಲ್ಲ. 2002ರಲ್ಲಿ ಶೇಂಗಾ ಒಡೆಯುವ, ಕಾಗದ ಹರಿಯುವ ಸದ್ದು ಕೇಳಿದರೂ ಮಿಡಿಯುವ ನರಕೋಶಗಳು ಸಿಕ್ಕವು.

ಇಲ್ಲಿಂದ ಕಥೆ ಮಾತಿನ ಕಡೆಗೆ ಹೊರಳುತ್ತದೆ. ಕೋತಿಯ ಎಫ್5 ಇರುವ ಜಾಗಕ್ಕೆ ಮನುಷ್ಯನ ಮಿದುಳಿನಲ್ಲಿ ಸಮನಾದದ್ದು ಯಾವುದು? ಬ್ರೋಕಾ ಪ್ರದೇಶ, ಅಥವಾ ಅದಕ್ಕೆ ತೀರ ಹತ್ತಿರದ್ದು. 1998ರಲ್ಲಿ ರಿಜೊಲಾಟಿ ಮತ್ತು ಮೈಕೆಲ್ ಆರ್ಬಿಬ್ ಇದರ ಮೇಲೊಂದು ಧೈರ್ಯದ ವಾದ ಕಟ್ಟಿದರು. ಒಬ್ಬ ಕೈಯಾಡಿಸುತ್ತಾನೆ, ನೋಡುವವನ ಮಿದುಳಿನಲ್ಲಿ ಅದೇ ಚಲನೆ ಮಿಡಿಯುತ್ತದೆ. ಇಬ್ಬರ ನಡುವೆ ಒಂದು ಸಮಾನವಾದದ್ದು ಹುಟ್ಟಿತು. ಸನ್ನೆ ಹುಟ್ಟಿದ್ದು ಇಲ್ಲಿಂದ, ಸನ್ನೆಯ ಮೇಲೆ ಸ್ವರ ಕೂತು ಮಾತಾಯಿತು ಎಂಬುದು ಅವರ ಊಹೆ. ಅಂದರೆ ಭಾಷೆ ಬೆಳೆದದ್ದು ಕೋತಿಗಳ ಕಿರುಚಾಟದಿಂದಲ್ಲ, ಕೈಗಳಿಂದ.

ಊಹೆ ಸುಂದರವಾಗಿದೆ. ಲಕ್ಷಗಟ್ಟಲೆ ವರ್ಷಗಳ ಹಿಂದಿನ ಸನ್ನೆ ಮಣ್ಣಿನಲ್ಲಿ ಮೂಳೆಯಂತೆ ಉಳಿಯುವುದಿಲ್ಲವಾದ್ದರಿಂದ ಅಗೆದು ಪರೀಕ್ಷಿಸುವಂತಿಲ್ಲ. ಆದರೆ ಇಂದಿನ ಮನುಷ್ಯರಲ್ಲಿ ಕೈ ಬಾಯಿಗಳ ನೆಂಟಸ್ತನವನ್ನು ಅಳೆಯಬಹುದು, ಅಳೆದಿದ್ದಾರೆ. ಹುಟ್ಟುಕುರುಡರು ಯಾರೂ ಕೈಯಾಡಿಸುವುದನ್ನು ಕಂಡವರಲ್ಲ. ಆದರೂ ಅವರು ಮಾತಾಡುವಾಗ ಕೈ ಆಡುತ್ತದೆ, ಎದುರಿಗಿರುವವರೂ ಕುರುಡರೆಂದು ಗೊತ್ತಿದ್ದಾಗಲೂ ಆಡುತ್ತದೆ. ಇದು 1998ರಲ್ಲಿ ಪ್ರಕಟವಾದ ಅಧ್ಯಯನ. ಕೈಸನ್ನೆಯ ಭಾಷೆಯನ್ನೇ ತಾಯಿನುಡಿಯಾಗಿ ಬಳಸುವ ಕಿವುಡರಿಗೆ ಎಡ ಮಿದುಳಿಗೆ ಪೆಟ್ಟಾದರೆ, ಕೈ ಗಟ್ಟಿಯಾಗಿದ್ದರೂ ಸನ್ನೆಯ ಭಾಷೆ ಮುರಿದುಬೀಳುತ್ತದೆ. ಅಮೆರಿಕದ ಅರ್ಸುಲಾ ಬೆಲುಗಿ ಮತ್ತು ಸಂಗಡಿಗರು 1987ರಲ್ಲಿ ಇದನ್ನು ಪುಸ್ತಕವಾಗಿ ಪ್ರಕಟಿಸಿದರು. ಎಡ ಮಿದುಳಿಗೆ ಬೇಕಾದದ್ದು ನಾಲಿಗೆಯಲ್ಲ, ಭಾಷೆ. ಅದು ಯಾವ ಅಂಗದಿಂದ ಹೊರಬಂದರೂ ಸರಿ ಎಂಬಂತಿದೆ.

ಪಾರ್ಮಾದ ಮೌರಿಜಿಯೊ ಜೆಂಟಿಲುಚಿ ಮಾಡಿದ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಜನರನ್ನು ಕೂರಿಸಿ ‘ಬ’ ಎನ್ನಿ ಎಂದರು. ಎದುರಿಗೆ ಒಬ್ಬಾತ ಕೆಲವು ಸಲ ಚೆರಿ ಹಣ್ಣನ್ನು, ಕೆಲವು ಸಲ ಸೇಬನ್ನು ಕೈಗೆತ್ತಿಕೊಳ್ಳುತ್ತಿದ್ದ. ನೋಡುವವರು ಹಣ್ಣು ಮುಟ್ಟಲಿಲ್ಲ, ಅವರ ಕೆಲಸ ‘ಬ’ ಎನ್ನುವುದಷ್ಟೇ. ಹಾಗಿದ್ದೂ ಎದುರಿನ ಕೈ ಸಣ್ಣ ಹಣ್ಣು ಹಿಡಿದಾಗ ಮತ್ತು ದೊಡ್ಡ ಹಣ್ಣು ಹಿಡಿದಾಗ ತುಟಿಯ ಚಲನೆಯಲ್ಲೂ ಧ್ವನಿಯಲ್ಲೂ ಅಳತೆಗೆ ಸಿಗುವ ವ್ಯತ್ಯಾಸವಿತ್ತು. ಅವನು ಸೇಬು ಎತ್ತಿದರೆ ನನ್ನ ‘ಬ’ ಏಕೆ ಬದಲಾಗಬೇಕು?

ಇದನ್ನು ಅಳೆಯಲು ಇನ್ನೊಂದು ದಾರಿ ಆಯಸ್ಕಾಂತದ ಸುರುಳಿ. ತಲೆಯ ಮೇಲೆ ಸುರುಳಿಯನ್ನಿಟ್ಟು ಕ್ಷಣಮಾತ್ರ ಕಾಂತಶಕ್ತಿ ಹರಿಸಿದರೆ ಕೆಳಗಿನ ನರಕೋಶಗಳು ಕೆರಳುತ್ತವೆ. ಕೈಯ ಜಾಗಕ್ಕೆ ಗುರಿಯಿಟ್ಟರೆ ಬೆರಳು ಮಿಡುಕುತ್ತದೆ. ತಲೆಬುರುಡೆ ತೆರೆಯಬೇಕಿಲ್ಲ. 1995ರಲ್ಲಿ ಲುಚಾನೊ ಫಾಡಿಗಾ ಈ ಉಪಾಯದಿಂದ ತೋರಿಸಿದ್ದೇನೆಂದರೆ, ಬೇರೆಯವರು ವಸ್ತು ಹಿಡಿಯುವುದನ್ನು ನೋಡುತ್ತಿರುವಾಗ ನೋಡುಗನ ಬೆರಳಿನ ಮಿಡುಕು ಹೆಚ್ಚುತ್ತದೆ. ಕೈ ಸುಮ್ಮನಿದ್ದರೂ ಅದನ್ನು ನಡೆಸುವ ಜಾಗ ಆಗಲೇ ಸಜ್ಜಾಗಿ ನಿಂತಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದೇ ವಿಧಾನದಿಂದ ಸ್ಕಿಜೊಫ್ರೀನಿಯಾ ರೋಗಿಗಳನ್ನು ಪರೀಕ್ಷಿಸಿ, ಈ ಸಜ್ಜಾಗುವಿಕೆ ಅವರಲ್ಲಿ ಕಡಿಮೆ ಎಂದು 2014ರಲ್ಲಿ ವರದಿ ಮಾಡಿದರು.

2002ರಲ್ಲಿ ಫಾಡಿಗಾ ಸುರುಳಿಯನ್ನು ನಾಲಿಗೆಯ ಜಾಗಕ್ಕೆ ಒಯ್ದರು. ಇಟಲಿಯ ಭಾಷೆಯಲ್ಲಿ ನಡುವೆ ಒತ್ತಿನ ‘ರ’ಕಾರವಿರುವ ಶಬ್ದಗಳಿವೆ, ಅದನ್ನು ನುಡಿಯಲು ನಾಲಿಗೆ ತುದಿ ಬಲವಾಗಿ ಕಂಪಿಸಬೇಕು. ಒತ್ತಿನ ‘ಫ’ ಇರುವ ಶಬ್ದಗಳೂ ಇವೆ, ಅವಕ್ಕೆ ನಾಲಿಗೆಯ ಕೆಲಸ ಅಷ್ಟಿಲ್ಲ. ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದವರ ನಾಲಿಗೆಯ ಮಿಡುಕು ‘ರ’ ಶಬ್ದಗಳಿಗೆ ಹೆಚ್ಚಾಗಿತ್ತು. ಕಿವಿಗೆ ಬಿದ್ದ ಮಾತನ್ನು ನಾಲಿಗೆ ಒಳಗೊಳಗೇ ಆಡಿ ನೋಡುತ್ತಿದೆ ಎಂದಾಯಿತು.

ಇಲ್ಲಿ ನಮ್ಮ ವರ್ಣಮಾಲೆಯ ನೆನಪಾಗದೆ ಇರದು. ಇಂಗ್ಲಿಷಿನ ಎ, ಬಿ, ಸಿ, ಡಿ ಆ ಕ್ರಮದಲ್ಲಿ ಏಕಿವೆಯೆಂದು ಕೇಳಿದರೆ ಉಚ್ಚಾರದಲ್ಲಿ ಅದಕ್ಕೆ ಉತ್ತರವಿಲ್ಲ. ಕ, ಚ, ಟ, ತ, ಪ ಎಂಬ ಕ್ರಮಕ್ಕೆ ಉತ್ತರವಿದೆ. ಅದು ನಮ್ಮ ಬಾಯಲ್ಲೇ ಇದೆ. ಗಂಟಲಿನ ಬಳಿಯಿಂದ ಹೊರಟು, ಅಂಗಳು, ಅದರ ಮೇಲ್ಭಾಗ, ಹಲ್ಲು ದಾಟಿ ತುಟಿಗೆ ಬರುವ ದಾರಿ ಅದು. ಪ್ರಾತಿಶಾಖ್ಯಗಳನ್ನು ರಚಿಸಿದ ಹಳೆಯ ಧ್ವನಿಶಾಸ್ತ್ರಜ್ಞರು ಅಕ್ಷರವೆಂದರೆ ಕಿವಿಗೆ ಬೀಳುವ ಸದ್ದಿಗಿಂತ ಹೆಚ್ಚಾಗಿ ಬಾಯಿ ಮಾಡುವ ಒಂದು ಕೆಲಸ ಎಂದು ಹಿಡಿದು ವಿಂಗಡಿಸಿದರು. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವೂ ಕನ್ನಡದ ಅಕ್ಷರಗಳನ್ನು ಈ ಪರಂಪರೆಯ ಜಾಡಿನಲ್ಲೇ ವಿವರಿಸುತ್ತದೆ. ಹಾಗೆಂದು ಕನ್ನಡಿ ನರಕೋಶವನ್ನು ನಮ್ಮವರು ಆಗಲೇ ಕಂಡಿದ್ದರು ಎಂದು ಎದೆಯುಬ್ಬಿಸುವ ಅಗತ್ಯವಿಲ್ಲ. ಅವರು ಗಮನಿಸಿದ್ದು ಬಾಯನ್ನು. ಅಷ್ಟು ಚೆನ್ನಾಗಿ ಗಮನಿಸಿದ್ದೇ ಸಾಕಷ್ಟು ದೊಡ್ಡದು.

ಅಮೆರಿಕದ ಹ್ಯಾಸ್ಕಿನ್ಸ್ ಪ್ರಯೋಗಾಲಯದ ಆಲ್ವಿನ್ ಲಿಬರ್ಮನ್ 1950-60ರ ದಶಕಗಳಲ್ಲಿ ಬೇರೆ ದಾರಿಯಿಂದ ಇದೇ ಜಾಗಕ್ಕೆ ಬಂದಿದ್ದ. ‘ದಿ’ ಮತ್ತು ‘ದು’ ಎಂಬೆರಡು ಅಕ್ಷರಗಳ ಧ್ವನಿಯನ್ನು ಯಂತ್ರದಿಂದ ಕಾಗದದ ಮೇಲೆ ಬಿಡಿಸಿದರೆ, ‘ದ’ಕಾರದ ಗೆರೆಗಳು ಒಂದರಲ್ಲಿ ಮೇಲಕ್ಕೇರುತ್ತವೆ, ಇನ್ನೊಂದರಲ್ಲಿ ಕೆಳಕ್ಕಿಳಿಯುತ್ತವೆ. ಸದ್ದು ಒಂದೇ ಅಲ್ಲ. ಆದರೂ ನಮಗೆ ಎರಡರಲ್ಲೂ ‘ದ’ ಕೇಳಿಸುತ್ತದೆ. ಎರಡರಲ್ಲೂ ಒಂದೇ ಆಗಿರುವುದು ನಾಲಿಗೆ ಹಲ್ಲಿನ ಹಿಂದೆ ತಾಗುವ ಕ್ರಿಯೆ. ಆದ್ದರಿಂದ ನಾವು ಕೇಳುವುದು ಸದ್ದನ್ನಲ್ಲ, ಆಡುವವನ ಬಾಯಿಯ ಚಲನೆಯನ್ನು ಎಂದ ಲಿಬರ್ಮನ್. 1976ರಲ್ಲಿ ಮೆಕ್‌ಗರ್ಕ್ ಮತ್ತು ಮೆಕ್‌ಡೊನಾಲ್ಡ್ ಇನ್ನೊಂದು ವಿಚಿತ್ರ ತೋರಿಸಿದರು: ‘ಗ’ ಎನ್ನುವ ಬಾಯಿಯ ಚಿತ್ರಕ್ಕೆ ‘ಬ’ ಎಂಬ ಧ್ವನಿ ಜೋಡಿಸಿದರೆ ಬಹಳ ಮಂದಿಗೆ ಕೇಳಿಸುವುದು ‘ದ’. ಕಣ್ಣು ಮುಚ್ಚಿದೊಡನೆ ‘ಬ’ ಆಗುತ್ತದೆ.

2009ರಲ್ಲಿ ಅಲೆಸ್ಸಾಂಡ್ರೊ ಡೌಸಿಲಿಯೊ, ಫಾಡಿಗಾ ಮೊದಲಾದವರ ತಂಡ ಮತ್ತೆ ಆಯಸ್ಕಾಂತ ಹಿಡಿದು ಪವರ್ಗ ತವರ್ಗಗಳ ಪರೀಕ್ಷೆಯನ್ನೇ ನಡೆಸಿತೆನ್ನಬಹುದು. ಗದ್ದಲದ ನಡುವೆ ಬ, ಪ, ದ, ತ ಶಬ್ದಗಳನ್ನು ಕೇಳಿಸಿ ಗುರುತಿಸಲು ಹೇಳಿದರು. ಮಿದುಳಿನ ತುಟಿಯ ಜಾಗವನ್ನು ಕೆರಳಿಸಿದಾಗ ತುಟಿಯ ಅಕ್ಷರಗಳು ಸುಲಭವಾದವು, ನಾಲಿಗೆಯ ಅಕ್ಷರಗಳು ಕಷ್ಟವಾದವು. ನಾಲಿಗೆಯ ಜಾಗ ಕೆರಳಿಸಿದರೆ ಅದಲುಬದಲು.

ಇಷ್ಟು ಹೊತ್ತಿಗೆ ಕನ್ನಡಿ ನರಕೋಶ ಪ್ರಯೋಗಶಾಲೆಯ ಬಾಗಿಲು ದಾಟಿ ಊರ ಮಾತಾಗಿತ್ತು. ಮದ್ರಾಸಿನಲ್ಲಿ ವೈದ್ಯಕೀಯ ಓದಿ ಅಮೆರಿಕದಲ್ಲಿ ನೆಲೆಸಿದ ವಿ.ಎಸ್. ರಾಮಚಂದ್ರನ್, ಜೀವಶಾಸ್ತ್ರಕ್ಕೆ ಡಿಎನ್‌ಎ ಮಾಡಿದ್ದನ್ನು ಮನಶ್ಶಾಸ್ತ್ರಕ್ಕೆ ಈ ನರಕೋಶಗಳು ಮಾಡುತ್ತವೆ ಎಂದು 2000ದಲ್ಲಿ ಭವಿಷ್ಯ ನುಡಿದರು. ಕರುಣೆ, ಕಲೆ, ಸಂಸ್ಕೃತಿ ಎಲ್ಲಕ್ಕೂ ಇದೇ ಬೀಗದಕೈ ಎಂಬ ಉತ್ಸಾಹ ಹರಡಿತು. ಆಟಿಸಂ ಇರುವ ಮಕ್ಕಳಲ್ಲಿ ಈ ‘ಕನ್ನಡಿ ಒಡೆದಿದೆ’ ಎಂಬ ಮಾತೂ ಬಂತು. ಮುಂದೆ ನಡೆದ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಆ ಮಾತಿಗೆ ಗಟ್ಟಿ ಆಧಾರ ಸಿಗಲಿಲ್ಲ. ಆಟಿಸಂ ಇರುವ ಅನೇಕರು ಬೇರೆಯವರ ಕೈ ಏನು ಮಾಡುತ್ತಿದೆ ಎಂದು ಸರಿಯಾಗಿಯೇ ತಿಳಿಯುತ್ತಾರೆ. ನಿಮ್ಮ ಮಗುವಿನೊಳಗೆ ಏನೋ ಒಡೆದಿದೆ ಎಂದು ತಾಯ್ತಂದೆಯರಿಗೆ ಹೇಳುವ ಮೊದಲು ಇನ್ನಷ್ಟು ಕಾಯಬಹುದಿತ್ತು.

ಅನುಮಾನಿಗಳು ಮೊದಲಿನಿಂದಲೂ ಇದ್ದರು. ಕ್ಯಾಲಿಫೋರ್ನಿಯಾದ ಗ್ರೆಗರಿ ಹಿಕಾಕ್ 2009ರಲ್ಲಿ ಈ ಸಿದ್ಧಾಂತದ ಎಂಟು ತೊಡಕುಗಳನ್ನು ಪಟ್ಟಿಮಾಡಿದ. 2014ರಲ್ಲಿ ಇಡೀ ಪುಸ್ತಕವನ್ನೇ ಬರೆದ. ಅವನ ಮುಖ್ಯ ಆಕ್ಷೇಪ ಸರಳವಾದದ್ದು. ತಿಳಿಯುವುದಕ್ಕೆ ಒಳಗೊಳಗೇ ಮಾಡಿ ನೋಡುವುದು ಅನಿವಾರ್ಯವಾದರೆ, ಮಾಡಲಾರದವನು ತಿಳಿಯಲಾರ. ಆದರೆ ಆಡಲಾರದ ಎಷ್ಟೋ ರೋಗಿಗಳು ಕೇಳಿ ತಿಳಿಯುತ್ತಾರೆ. ಮೂರ್ಛೆರೋಗದ ಶಸ್ತ್ರಚಿಕಿತ್ಸೆಗೆ ಮುಂಚೆ, ಮಾತು ಯಾವ ಕಡೆಯಿದೆಯೆಂದು ನೋಡಲು, ಮಿದುಳಿನ ಒಂದು ಅರ್ಧಕ್ಕೆ ಕೆಲವು ನಿಮಿಷ ಮಂಪರು ಬರಿಸುವ ಪರೀಕ್ಷೆಯೊಂದಿದೆ. ಎಡ ಅರ್ಧ ಮಲಗಿದಾಗ ಮಾತು ನಿಂತೇ ಹೋಗುತ್ತದೆ. ಆ ಹೊತ್ತಿನಲ್ಲೂ ಒಂದೇ ಅಕ್ಷರದ ವ್ಯತ್ಯಾಸವಿರುವ ಪದಗಳನ್ನು ರೋಗಿಗಳು ಬಹುಮಟ್ಟಿಗೆ ಸರಿಯಾಗಿ ಗುರುತಿಸಿದರು. ‘ಬ’ ‘ಪ’ಗಳ ಭೇದ ಒಂದು ತಿಂಗಳ ಕೂಸಿಗೂ ಗೊತ್ತೆಂದು 1971ರಲ್ಲೇ ತೋರಿಸಿಯಾಗಿತ್ತು. ಅದಿರಲಿ, ಚಿಂಚಿಲಾ ಎಂಬ ಇಲಿಯ ಬಳಗದ ಪ್ರಾಣಿಗೆ ‘ದ’ ‘ತ’ಗಳ ಭೇದ ಕಲಿಸಬಹುದೆಂದು 1975ರಲ್ಲಿ ಪ್ರಕಟವಾಯಿತು. ಚಿಂಚಿಲಾ ಯಾವ ಜನ್ಮದಲ್ಲಿ ಮಾತಾಡಿತ್ತು?

ಇನ್ನು ಕೋತಿಗಳದ್ದೇ ಪ್ರಶ್ನೆ. ಅವುಗಳಲ್ಲಿ ಕನ್ನಡಿ ನರಕೋಶಗಳಿವೆ, ಭಾಷೆಯಿಲ್ಲ. ಗಾದೆಗಳಲ್ಲಿ ಏನೇ ಇರಲಿ, ಮಕಾಕ್ ಕೋತಿಗಳು ಹೊಸ ಕೈಕೆಲಸವನ್ನು ನೋಡಿ ಅನುಕರಿಸುವುದರಲ್ಲಿ ಮನುಷ್ಯರ ಮಕ್ಕಳ ಹತ್ತಿರಕ್ಕೂ ಬರುವುದಿಲ್ಲ. ಹಾಗಾದರೆ ಈ ನರಕೋಶಗಳು ಬಂದದ್ದೆಲ್ಲಿಂದ? ಇಂಗ್ಲೆಂಡಿನ ಸಿಸಿಲಿಯಾ ಹೇಯ್ಸ್ ಕೊಡುವ ಉತ್ತರ: ರೂಢಿಯಿಂದ. ಕೂಸು ತನ್ನ ಕೈ ಮುಚ್ಚುವುದನ್ನು ತಾನೇ ನೋಡುತ್ತದೆ. ಅದು ನಕ್ಕರೆ ಅಮ್ಮನೂ ನಗುತ್ತಾಳೆ. ಮಾಡಿದ್ದು ಕಂಡದ್ದು ಸಾವಿರ ಸಲ ಜೊತೆಯಾದರೆ ಅವುಗಳ ನಡುವೆ ನಂಟು ಬೆಳೆಯುತ್ತದೆ. ಹುಟ್ಟಿದ ಕೂಸುಗಳೇ ನಾಲಿಗೆ ಚಾಚುವುದನ್ನು ಅನುಕರಿಸುತ್ತವೆ ಎಂದು 1977ರಲ್ಲಿ ಮೆಲ್ಟ್‌ಜಾಫ್ ಮತ್ತು ಮೂರ್ ಹೇಳಿದ್ದರು. 2016ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ನೂರಕ್ಕೂ ಹೆಚ್ಚು ಕೂಸುಗಳನ್ನು ಪರೀಕ್ಷಿಸಿದಾಗ ಅದು ಕಾಣಲಿಲ್ಲ. ರೂಢಿಯ ವಾದಕ್ಕೆ ಲಂಡನ್ನಿನ ನರ್ತಕರೂ ಪುಷ್ಟಿ ಕೊಡುತ್ತಾರೆ. ಬ್ಯಾಲೆ ನರ್ತಕರ ಮಿದುಳಿನ ಚಲನೆಯ ಜಾಗಗಳು ಬ್ಯಾಲೆ ನೋಡುವಾಗ ಹೆಚ್ಚು ಚುರುಕಾದರೆ, ಬ್ರೆಜಿಲ್ಲಿನ ಕಪೊಯೆರಾ ಆಡುವವರಲ್ಲಿ ಕಪೊಯೆರಾ ನೋಡುವಾಗ ಚುರುಕಾದವು. ಇದು 2005ರ ಪ್ರಯೋಗ. ಮರುವರ್ಷ ಇನ್ನೂ ಸೂಕ್ಷ್ಮವಾಗಿ ನೋಡಿದರು: ಬ್ಯಾಲೆಯಲ್ಲಿ ಹೆಂಗಸರೇ ಮಾಡುವ, ಗಂಡಸರೇ ಮಾಡುವ ಬೇರೆಬೇರೆ ಹೆಜ್ಜೆಗಳಿವೆ. ಒಟ್ಟಿಗೆ ಅಭ್ಯಾಸ ಮಾಡುವುದರಿಂದ ಎರಡನ್ನೂ ಎಲ್ಲರೂ ದಿನವೂ ಕಂಡಿರುತ್ತಾರೆ. ಆದರೂ ತಾವೇ ಕುಣಿಯುವ ಹೆಜ್ಜೆಗೆ ಮಿದುಳು ಹೆಚ್ಚು ಒಲಿಯಿತು. ನೋಡಿ ಬಲ್ಲವರಿಗಿಂತ ಮಾಡಿ ಬಲ್ಲವರು ಬೇರೆಯೇ ರೀತಿಯಲ್ಲಿ ನೋಡುತ್ತಾರೆ ಎಂದಾಯಿತು.

ನನಗೆ ತೋರುವಂತೆ, ಈ ಜಗಳದಲ್ಲಿ ಎರಡು ಕಡೆಯವರೂ ಸಿಕ್ಕ ಸಾಕ್ಷ್ಯಕ್ಕಿಂತ ಒಂದು ಹೆಜ್ಜೆ ಮುಂದೆ ನಿಂತು ಮಾತಾಡಿದರು. ಚಲನೆಯ ಜಾಗಗಳು ಕೇಳುವುದಕ್ಕೆ ನೋಡುವುದಕ್ಕೆ ನೆರವಾಗುತ್ತವೆ, ಗದ್ದಲವಿದ್ದಾಗ ಹೆಚ್ಚಾಗಿ. ಆದರೆ ಅವಿಲ್ಲದೆಯೂ ತಿಳಿವಳಿಕೆ ನಡೆಯುತ್ತದೆ. ಎತ್ತು ಇಲ್ಲದಿದ್ದರೂ ಗಾಡಿ ಇಳಿಜಾರಿನಲ್ಲಿ ಸಾಗುತ್ತದೆ, ಏರು ಬಂದಾಗ ಎತ್ತು ಬೇಕು.

ಈ ನಡುವೆ ಬ್ರೋಕಾ ಪ್ರದೇಶದ ಕೀರ್ತಿಗೇ ಸ್ವಲ್ಪ ಧಕ್ಕೆಯಾಗಿದೆ. ಲೆಬೋರ್ನ್ ಮತ್ತು ಲೆಲೋಂ ಇಬ್ಬರ ಮಿದುಳುಗಳನ್ನೂ ಬ್ರೋಕಾ ಕತ್ತರಿಸದೆ ಹಾಗೆಯೇ ಕಾಪಿಟ್ಟಿದ್ದ. 2007ರಲ್ಲಿ ನೀನಾ ಡ್ರಾಂಕರ್ಸ್ ಮತ್ತು ಸಂಗಡಿಗರು ಅವನ್ನು ಎಂಆರ್‌ಐ ಯಂತ್ರದಲ್ಲಿಟ್ಟು ನೋಡಿದರು. ಗಾಯ ಮೇಲಿನ ಗುಳಿಗಷ್ಟೇ ನಿಂತಿರಲಿಲ್ಲ, ಆಳಕ್ಕಿಳಿದು ಮುಂದಿನ ಹಿಂದಿನ ಜಾಗಗಳನ್ನು ಜೋಡಿಸುವ ತಂತುಗಳನ್ನೂ ತಿಂದುಹಾಕಿತ್ತು. 2012ರಲ್ಲಿ ಎವೆಲಿನಾ ಫೆಡೊರೆಂಕೊ ತಂಡ, ಬ್ರೋಕಾ ಪ್ರದೇಶವೆಂದು ಕರೆಯುವ ಆ ಪುಟ್ಟ ಜಾಗದೊಳಗೇ ಭಾಷೆಗೆ ಮಾತ್ರ ದುಡಿಯುವ ಭಾಗ, ಎಲ್ಲ ಕಷ್ಟದ ಕೆಲಸಕ್ಕೂ ದುಡಿಯುವ ಭಾಗ ಪಕ್ಕಪಕ್ಕದಲ್ಲೇ ಇವೆಯೆಂದು ತೋರಿಸಿತು. 2015ರಲ್ಲಿ ಇನ್ನೊಂದು ಅಚ್ಚರಿ: ಪದವನ್ನು ನುಡಿಯುವ ಮುನ್ನ ಬ್ರೋಕಾ ಪ್ರದೇಶ ಚುರುಕಾಗಿರುತ್ತದೆ, ಬಾಯಿ ನುಡಿಯತೊಡಗಿದಾಗ ಅದು ಸದ್ದಿಲ್ಲದೆ ಹಿಂದೆ ಸರಿಯುತ್ತದೆ. ಮೇಳ ಕೂಡಿಸಿ, ಆಟ ಶುರುವಾದೊಡನೆ ಚೌಕಿಯಲ್ಲಿ ಕುಳಿತುಬಿಡುವ ಯಜಮಾನನ ಹಾಗೆ.

2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ತಂಡ ನರಸ್ನಾಯು ಕಾಯಿಲೆಯಿಂದ ಮಾತು ಕಳೆದುಕೊಂಡ ಮಹಿಳೆಯೊಬ್ಬರ ಮಿದುಳಿನಲ್ಲಿ ಸೂಕ್ಷ್ಮ ತಂತಿಗಳನ್ನಿಟ್ಟು, ಆಕೆ ಆಡಲು ಯತ್ನಿಸಿದ ಮಾತುಗಳನ್ನು ಗಣಕದಿಂದ ಓದಿಸಿತು. ನಿಮಿಷಕ್ಕೆ 62 ಪದ. ತಂತಿಗಳನ್ನು ಎರಡು ಕಡೆ ಇಟ್ಟಿದ್ದರು: ಬಾಯಿ ಮುಖಗಳ ಚಲನೆಗೆ ಸೇರಿದ ಜಾಗದಲ್ಲಿ, ಮತ್ತು ಬ್ರೋಕಾ ಪ್ರದೇಶದ ಒಂದು ಭಾಗದಲ್ಲಿ. ಮಾತು ಸಿಕ್ಕಿದ್ದೆಲ್ಲ ಮೊದಲ ಜಾಗದಲ್ಲಿ. ಎರಡನೆಯದರಲ್ಲಿ ಸಿಕ್ಕಿದ್ದು ಹೆಚ್ಚುಕಡಿಮೆ ಸೊನ್ನೆ. ಕೈ ಬಾಯಿಗಳ ನೆಂಟಸ್ತನದ ಕಥೆಗೆ ಮಾತ್ರ ಇಲ್ಲಿಂದಲೂ ಬೆಂಬಲ ಬಂದಿದೆ. ಇಂಥದೇ ತಂತ್ರ ಬಳಸಿದ 2019ರ ಅಧ್ಯಯನವೊಂದರಲ್ಲಿ, ಕೈಯನ್ನು ನಡೆಸುವ ಜಾಗದ ನರಕೋಶಗಳು ಮನುಷ್ಯ ಮಾತಾಡುವಾಗಲೂ ಮಿಡಿದವು.

ರೋಗಿಗೆ ಇದರಿಂದ ಏನು ಪ್ರಯೋಜನ ಎಂದು ಕೇಳಿದರೆ, ಸಣ್ಣದಾದರೂ ಉತ್ತರವಿದೆ. 2007ರಲ್ಲಿ ಜರ್ಮನಿಯಿಂದ ಬಂದ ವರದಿಯಲ್ಲಿ, ಲಕ್ವದಿಂದ ಕೈ ಸೋತವರಿಗೆ ಲೋಟ ಎತ್ತುವಂಥ ದಿನನಿತ್ಯದ ಕೈಕೆಲಸಗಳ ವಿಡಿಯೊ ತೋರಿಸಿ, ಆಮೇಲೆ ಅದನ್ನೇ ಮಾಡಿಸಿದರು. ನಾಲ್ಕು ವಾರಗಳಲ್ಲಿ, ಬರೀ ವ್ಯಾಯಾಮ ಮಾಡಿದವರಿಗಿಂತ ಅವರ ಕೈ ಹೆಚ್ಚು ಸುಧಾರಿಸಿತು. ರೋಗಿಗಳ ಸಂಖ್ಯೆ ಬೆರಳೆಣಿಕೆಯದು ಎಂಬುದನ್ನು ಮರೆಯುವಂತಿಲ್ಲ. ಮಾತು ಕಳೆದುಕೊಂಡವರಿಗೆ, ಅಂದರೆ ವೈದ್ಯರು ಅಫೇಸಿಯ ಎನ್ನುವ ತೊಂದರೆಯವರಿಗೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆಗಳಲ್ಲಿ ಸಿಗುವ ನುಡಿಚಿಕಿತ್ಸೆಯೇ ಇಂದಿಗೂ ಮುಖ್ಯ ದಾರಿ. ಮನೆಯಲ್ಲಿ ಆಗುವ ದೊಡ್ಡ ಅನ್ಯಾಯವೆಂದರೆ, ಮಾತು ನಿಂತವರ ಬುದ್ಧಿಯೂ ನಿಂತಿತೆಂದು ಎಣಿಸಿ, ಅವರ ಎದುರಿಗೇ ಅವರ ವಿಚಾರ ಆಡುವುದು. ಆಸ್ತಿಪತ್ರದ ಮಾತು, ಯಾರು ನೋಡಿಕೊಳ್ಳಬೇಕೆಂಬ ಜಗಳ ಎಲ್ಲ ಅವರ ಮಂಚದ ಪಕ್ಕದಲ್ಲೇ. ಇಪ್ಪತ್ತೊಂದು ವರ್ಷವನ್ನು ಬೆರಳಲ್ಲಿ ಎಣಿಸಿ ತೋರಿಸಿದ ಲೆಬೋರ್ನ್ ಅವನ್ನೆಲ್ಲ ಕೇಳಿ ತಿಳಿಯುತ್ತಿದ್ದ. ಇವರಲ್ಲೂ ಬಹಳ ಮಂದಿ ತಿಳಿಯುತ್ತಾರೆ. ಅವರ ಎದುರಿಗೆ, ಮುಖ ಕಾಣುವಂತೆ ಕುಳಿತು, ಒಂದು ಸಲಕ್ಕೆ ಒಂದೇ ಮಾತು ನಿಧಾನವಾಗಿ ಆಡಿ, ಉತ್ತರಕ್ಕೆ ಎಡಗೈ ಸನ್ನೆಯನ್ನೂ ಒಪ್ಪಿಕೊಂಡರೆ ಎಷ್ಟೋ ವ್ಯವಹಾರ ನಡೆಯುತ್ತದೆ.

2012ರಲ್ಲಿ ಅಮೆರಿಕದ ಜೂಲಿಯಸ್ ಫ್ರಿಡ್ರಿಕ್ಸನ್ ಮತ್ತು ಸಂಗಡಿಗರು ಇಂಥ ಹದಿಮೂರು ರೋಗಿಗಳ ಮುಂದೆ ಒಂದು ಪುಟ್ಟ ವಿಡಿಯೊ ಪರದೆ ಇಟ್ಟರು. ಅದರಲ್ಲಿ ಕಾಣುತ್ತಿದ್ದುದು ಮಾತಾಡುವ ಒಂದು ಬಾಯಿ ಮಾತ್ರ. ಅದರೊಂದಿಗೇ ತಾವೂ ಆಡಬೇಕು. ಒಂದೊಂದು ಪದಕ್ಕೂ ತಡವರಿಸುತ್ತಿದ್ದವರು ಆ ತುಟಿಗಳ ಬೆನ್ನು ಹಿಡಿದು ಸಾಲಾಗಿ ವಾಕ್ಯಗಳನ್ನು ನುಡಿದರು. ಧ್ವನಿಯನ್ನಷ್ಟೇ ಕೇಳಿಸಿದಾಗ ಹಾಗಾಗಲಿಲ್ಲ, ತುಟಿ ಕಾಣಬೇಕಿತ್ತು. ಕೆಲವು ವಾರ ಅಭ್ಯಾಸ ಮುಂದುವರಿಸಿದ ಮೇಲೆ ಪರದೆಯಿಲ್ಲದೆ ತಾವಾಗಿ ಆಡುವ ಮಾತಿನಲ್ಲೂ ಬೇರೆಬೇರೆ ಪದಗಳ ಸಂಖ್ಯೆ ಹೆಚ್ಚಿತ್ತು.